ಅಜ್ಜಿಯ ಬಾಟಲಿಯಲ್ಲಿ ಪೈಲ್ವಾನ

ಹೊಟ್ಟೆಪಾಡಿಗಾಗಿ ಜನ ಏನೇನೋ ಕೇಳುತ್ತಾರೆ. ಕೆಲವರು ಮತ ಕೇಳುತ್ತಾರೆ, ಕೆಲವರು ಗಣಪತಿಯ ಹೆಸರಲ್ಲಿ ಚಂದಾ ಕೇಳುತ್ತಾರೆ, ವಿಮೆಯವರು ನಾವು ಸತ್ತ ಮೇಲೆ ಬರುವ ದುಡ್ಡಿನ ಆಸೆ ತೋರಿಸಿ ಬದುಕಿರುವಾಗಿನ ದುಡ್ಡು ಕೇಳುತ್ತಾರೆ. ಇವರಿಗೆಲ್ಲ ಸಮಾಜದಲ್ಲಿ ಒಂದು ಸ್ಥಾನ ಇದೆ. ಬಾಗಿಲು ತೆರೆದವರು ‘ನಾಳೆ ಬರ್ರಿ’ ಎಂದಾದರೂ ಹೇಳಿ ಸಾಗಹಾಕುತ್ತಾರೆ. ನಾನು ರಕ್ತ ಕೇಳುತ್ತೇನೆ. ನನಗೆ ಬಾಗಿಲೇ ತೆರೆಯುವುದಿಲ್ಲ.

ನಮ್ಮದು ಬೆಳಗಾವಿಯಲ್ಲಿ ಒಂದು ಸಣ್ಣ ಸಂಶೋಧನಾ ಘಟಕ. ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬರುವ ರಕ್ತದ ಕಾಯಿಲೆಗಳನ್ನು ಹುಡುಕುವುದು ಅದರ ಕೆಲಸ. ಖಾನಾಪುರದ ಕಡೆಯ ಹಳ್ಳಿಗಳಿಂದ ಬೆರಳುದ್ದದ ಬಾಟಲಿಗಳಲ್ಲಿ ರಕ್ತ ಬರುತ್ತದೆ. ನಮ್ಮ ಮೇಡಂ ಅದರಿಂದ ಡಿಎನ್‌ಎ ಬಿಡಿಸಿ, ಯಾರ ವಂಶವಾಹಿಯಲ್ಲಿ ಏನು ಕೆಟ್ಟಿದೆ ಎಂದು ನೋಡುತ್ತಾರೆ. ರಕ್ತ ತಾನಾಗಿ ಬಸ್ಸು ಹತ್ತಿ ಬರುವುದಿಲ್ಲವಾದ್ದರಿಂದ ಅದನ್ನು ತರಲು ನಾನಿದ್ದೇನೆ. ಹೆಸರು ಬರುವುದು ಮೇಡಂಗೆ, ಬೈಗುಳ ಬರುವುದು ನನಗೆ, ಹೀಗೆ ಕೆಲಸ ಹಂಚಿಕೆಯಾಗಿದೆ. ಮನುಷ್ಯನ ವಂಶವಾಹಿಗಳನ್ನೆಲ್ಲ ಇನ್ನೇನು ಓದಿ ಮುಗಿಸುತ್ತಾರಂತೆ ಎಂದು ಪೇಪರಿನಲ್ಲಿ ದೊಡ್ಡದಾಗಿ ಬಂದ ದಿನ ನಾನು ಟಿಳಕವಾಡಿಯ ನಮ್ಮ ಓಣಿಯಲ್ಲಿ ಸ್ವಲ್ಪ ಎದೆ ಸೆಟೆಸಿ ನಡೆದೆ. ಎದುರು ಮನೆಯ ನಿವೃತ್ತ ಮಾಸ್ತರರು ನನ್ನನ್ನು ಕಂಡವರೇ ಅಂಗಿಯ ತೋಳು ಇಳಿಸಿಕೊಂಡು ಗುಂಡಿ ಹಾಕಿಕೊಂಡರು. ಅವರದು ನನಗೆ ಬೇಕಾಗಿರಲಿಲ್ಲ. ಬೇಡ ಎಂದು ನಾನಾಗಿ ಹೇಳುವುದು ಹೇಗೆ? ಅದೂ ಒಂದು ಅವಮಾನವೇ.

ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಪಂಚಾಂಗ ಬಾಯಿಪಾಠವಾಗಿದೆ. ಸೋಮವಾರ ರಕ್ತ ಕೊಡುವುದಿಲ್ಲ, ದೇವರ ವಾರ. ಮಂಗಳವಾರ ಕೊಡುವುದಿಲ್ಲ, ಅಂದು ಏನೂ ಮನೆಯಿಂದ ಹೊರಗೆ ಹೋಗಬಾರದು. ಅಮಾವಾಸ್ಯೆ ಬೇಡ, ಹುಣ್ಣಿಮೆ ಬೇಡ, ನಾಟಿ ಶುರುವಾದರೆ ಮೈಯಲ್ಲಿ ಕಸುವು ಬೇಕು, ಸುಗ್ಗಿಯಲ್ಲಿ ಪುರುಸೊತ್ತಿಲ್ಲ. ಕಣಕುಂಬಿಯಲ್ಲಿ ಒಬ್ಬ ಹಿರಿಯರು ಇದನ್ನು ಬೆಳಗಾವಿಯಲ್ಲಿ ಯಾವ ರೇಟಿಗೆ ಮಾರುತ್ತೀರಿ ಎಂದು ಕೇಳಿದರು. ಮಾರುವುದಿಲ್ಲ, ಸಂಶೋಧನೆ ಮಾಡುತ್ತೇವೆ ಎಂದೆ. ಹಾಗಾದರೆ ನಿಮಗೇನು ಲಾಭ ಎಂದರು. ಯೋಚಿಸಿ ನೋಡಿದರೆ ನನಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಬೆಳಗಾವಿ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ.

ಇಂಥ ತಾಲ್ಲೂಕಿನಲ್ಲಿ ನಂದಗಡದ ಆಚೆಯ ಒಂದು ಮನೆಯವರು ತಾವಾಗಿಯೇ ‘ಬರ್ರಿ’ ಎಂದು ಹೇಳಿ ಕಳಿಸಿದಾಗ ನನಗೆ ಗುಮಾನಿ ಬರಬೇಕಾಗಿತ್ತು. ಬರಲಿಲ್ಲ. ಖುಷಿಯಾಯಿತು.

ಅದು ತಲೆತಲಾಂತರದಿಂದ ಎಮ್ಮೆ ಸಾಕಿಕೊಂಡು ಬಂದ ಮನೆ. ಈಗ ಸ್ವಲ್ಪ ಭತ್ತದ ಗದ್ದೆಯೂ ಇದೆ. ಮೊಮ್ಮಕ್ಕಳ ಅಪ್ಪ ಅವ್ವ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಎಲ್ಲರೂ ಆಯಿ ಎಂದು ಕರೆಯುವ ಅಜ್ಜಿಯದು. ಆಯಿಯ ಹಿರಿಯ ಮೊಮ್ಮಗನ ಮಗು ಸೋನುವಿಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ನಿಲ್ಲುವುದಿಲ್ಲ. ತಿಂಗಳು ತಿಂಗಳೂ ಬೆಳಗಾವಿಗೆ ಹೊತ್ತು ತಂದು ರಕ್ತ ಏರಿಸಬೇಕು. ಮೂರು ವರ್ಷದ ಕೂಸು ಸೂಜಿ ಕಂಡರೆ ಅಳುವುದನ್ನೂ ಬಿಟ್ಟು ಸುಮ್ಮನೆ ಕೈ ಮುಂದೆ ಮಾಡುತ್ತಿತ್ತು. ಈ ಕಾಯಿಲೆಯ ಲೆಕ್ಕ ಸರಳ. ಕೆಟ್ಟ ವಂಶವಾಹಿ ಗಂಡಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಏನೂ ಆಗುವುದಿಲ್ಲ. ಇಬ್ಬರಿಗೂ ಇದ್ದರೆ ಹುಟ್ಟುವ ಮಗುವಿಗೆ ಸೋನುವಿನ ಪಾಡು ಬರಬಹುದು. ಇರುವವರಿಗೆ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗುಂಡುಕಲ್ಲಿನ ಹಾಗೆ ಇರುತ್ತಾರೆ.

ಈಗ ಸೋನುವಿನ ಸೋದರತ್ತೆ ಮಂಗಲಳ ಲಗ್ನ ಬಂದಿತ್ತು. ಗಂಡು ಅವಳ ಸೋದರಮಾವನ ಮಗ ಪರಶುರಾಮ, ಬಸ್ಸಿನಲ್ಲಿ ಕಂಡಕ್ಟರ್. ಹುಡುಗ ಹುಡುಗಿ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಸೋನುವಿಗೆ ರಕ್ತ ಏರಿಸುವ ಡಾಕ್ಟರರು ಮಾತ್ರ, ಇಬ್ಬರ ರಕ್ತವನ್ನೂ ನೋಡಿಸದೆ ಅಕ್ಷತೆ ಹಾಕಬೇಡಿ ಎಂದು ಖಡಾಖಂಡಿತವಾಗಿ ಹೇಳಿ ನಮ್ಮ ಕಡೆ ಕಳಿಸಿದ್ದರು. ಪರಶುರಾಮ ರಜೆಯ ದಿನ ಬೆಳಗಾವಿಗೆ ಬಂದು ನನ್ನ ಎದುರಿಗೇ ರಕ್ತ ಕೊಟ್ಟು ಹೋದ. ಪರೀಕ್ಷೆಯಲ್ಲಿ ಅವನಿಗೆ ಆ ಕೆಟ್ಟ ವಂಶವಾಹಿ ಇದೆ ಎಂದು ಬಂತು. ಅಂದರೆ ಇನ್ನು ಎಲ್ಲವೂ ಮಂಗಲಳ ಮೇಲೆ ನಿಂತಿತು. ಅವಳಿಗೆ ಇಲ್ಲದಿದ್ದರೆ ಲಗ್ನ, ಇದ್ದರೆ ಇಲ್ಲ. ಮೇಡಂ ಸಂಶೋಧನೆಗಾಗಿ ಇಡೀ ಮನೆಯವರ ರಕ್ತವನ್ನೂ ತನ್ನಿ ಎಂದರು.

ನಾನು ಹೋದ ದಿನ ಆ ಮನೆಯಲ್ಲಿ ನನಗೆ ಸಿಕ್ಕ ಉಪಚಾರ ನಮ್ಮ ಮಾವನ ಮನೆಯಲ್ಲೂ ಸಿಕ್ಕಿಲ್ಲ. ಹೊರಗಿನ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದರು. ಬಿಸಿ ಭಕ್ರಿ, ಆಗಷ್ಟೇ ತೆಗೆದ ಬೆಣ್ಣೆ, ಹಸಿಮೆಣಸಿನಕಾಯಿ ಖಾರ, ಗಡಿಗೆಯಲ್ಲಿ ಹೆಪ್ಪು ಹಾಕಿದ ಎಮ್ಮೆಯ ಮೊಸರು. ಹೆಣ್ಣುಮಕ್ಕಳು ಗಂಡಸರ ಎದುರಿಗೆ ತೋಳು ತೆಗೆಯುವುದಿಲ್ಲವೆಂದು ಊರಿನ ನರ್ಸು ಶಾಂತಾ ಸಿಸ್ಟರ್ ಬಾಟಲಿಗಳನ್ನು ತೆಗೆದುಕೊಂಡು ಒಳಗೆ ಹೋದರು. ಗಂಡಸರೂ ಒಳಗೇ ಕೊಡುತ್ತಾರೆ, ಹೊರಗೆ ಸೂಜಿ ತೆಗೆದರೆ ಎಮ್ಮೆ ಬೆದರುತ್ತವೆ ಎಂದಳು ಆಯಿ. ಬೆಣ್ಣೆ ಬಾಯಲ್ಲಿದ್ದಾಗ ಮನುಷ್ಯ ಏನನ್ನಾದರೂ ನಂಬುತ್ತಾನೆ. ಎಮ್ಮೆಗೆ ಸೂಜಿಯ ಗುರುತು ಎಲ್ಲಿಂದ ಬರಬೇಕು ಎಂದು ನನಗೆ ಆಗ ಹೊಳೆಯಲಿಲ್ಲ. ಮಂಗಲಳ ಎರಡನೆಯ ಅಣ್ಣ ಕಲ್ಲಪ್ಪ ಮಾತ್ರ ಒಳಗೂ ಹೊರಗೂ ಓಡಾಡುತ್ತ ನನ್ನ ತಾಟಿಗೆ ಬಡಿಸುತ್ತಿದ್ದ. ಅವನು ಪೈಲ್ವಾನ, ತಾಲೀಮಿಗೆ ಹೋಗುತ್ತಾನೆ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆಯಾಗುತ್ತದೆ. ಅವನ ಎರಡೂ ಮೊಣಕೈಯ ಒಳಬದಿಗೆ ಹತ್ತಿ ಅಂಟಿಸಿದ್ದು ನನಗೆ ಕಂಡಿತು. ಕುಸ್ತಿಯಲ್ಲಿ ತರಚಿರಬೇಕು, ಪಾಪ ಅಂದುಕೊಂಡು ಇನ್ನೊಂದು ಭಕ್ರಿ ಹಾಕಿಸಿಕೊಂಡೆ. ಹೊರಡುವಾಗ ಶಾಂತಾ ಸಿಸ್ಟರ್ ಆಯಿ, ಹಿರಿಯ ಮೊಮ್ಮಗ, ಅವನ ಹೆಂಡತಿ, ಕಲ್ಲಪ್ಪ, ಮಂಗಲ ಎಂದು ಹೆಸರು ಅಂಟಿಸಿದ ಬಾಟಲಿಗಳನ್ನು ಅಚ್ಚುಕಟ್ಟಾಗಿ ಕೈಗೆ ಕೊಟ್ಟರು. ಯಾವ ಊರಿನಲ್ಲೂ ಇಷ್ಟು ಸಲೀಸಾಗಿ ಕೆಲಸ ಆಗಿರಲಿಲ್ಲ. ಜನ ಸುಧಾರಿಸುತ್ತಿದ್ದಾರೆ ಎಂದು ಮನೆಗೆ ಬಂದು ಹೆಂಡತಿಗೆ ಭಾಷಣ ಬಿಗಿದೆ. ಅವಳು ಟಿ.ವಿ.ಯ ಸದ್ದು ಸ್ವಲ್ಪ ಹೆಚ್ಚು ಮಾಡಿದಳು.

ಅಂದಿನಿಂದ ಖಾನಾಪುರದ ಬಸ್ಸು ಹತ್ತುವುದು ನನಗೆ ಶಿಕ್ಷೆಯಾಯಿತು. ಮೂರರಲ್ಲಿ ಒಂದು ಬಸ್ಸಿಗೆ ಪರಶುರಾಮನೇ ಕಂಡಕ್ಟರ್. ಅವನು ಬಸ್ಸಿನ ಹಿಂದಿನ ಬಾಗಿಲಿನಿಂದಲೇ, ತುಂಬಿದ ಜನರ ತಲೆಯ ಮೇಲಿಂದ, ರಿಪೋರ್ಟು ಬಂತೇನ್ರಿ ಎಂದು ಕೂಗುತ್ತಿದ್ದ. ಬಂದಾಗ ಹೇಳ್ತೀನಪಾ ಎನ್ನುತ್ತಿದ್ದೆ. ಪಕ್ಕದಲ್ಲಿ ಕೂತವರು ನನ್ನನ್ನು ಡಾಕ್ಟರ್ ಎಂದು ತಿಳಿದು ತಮ್ಮ ಮೊಣಕಾಲು ನೋವಿನ ವಿಚಾರ ಶುರು ಮಾಡುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದರೆ, ಮತ್ತೆ ಅವನಿಗೇನು ಹೇಳುತ್ತೀರಿ ಎಂದು ಮುಖ ಊದಿಸಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಮೇಡಂ ಮಂಗಲಳ ಬಾಟಲಿಯನ್ನು ಮೊದಲು ನೋಡಿ, ಇವಳಿಗೇನೂ ಇದ್ದಂತಿಲ್ಲ, ಆದರೆ ಮನೆಯವರದೆಲ್ಲ ಮುಗಿಯುವ ತನಕ ಯಾರ ಮುಂದೂ ಬಾಯಿ ಬಿಡಬೇಡಿ ಎಂದರು. ನಾನು ಬಾಯಿ ಬಿಟ್ಟೆ. ಬಿಡದೆ ಏನು ಮಾಡಲಿ? ಪರಶುರಾಮ ಟಿಕೆಟ್ಟು ಹರಿಯುವುದನ್ನೂ ಮರೆತು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಆಕಿಗೆ ಏನಿಲ್ಲೋ ಮಾರಾಯ ಎಂದುಬಿಟ್ಟೆ. ಅವನು ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದು ಓಡಿ ಹೋಗಿ ಪೇಡೆ ತಂದು ಬಸ್ಸಿಗೆಲ್ಲ ಹಂಚಿದ. ಮೊಣಕಾಲು ನೋವಿನವರು ಎರಡು ತೆಗೆದುಕೊಂಡರು.

ಮುಂದಿನ ವಾರ ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಸೋನುವಿನ ಅಪ್ಪನ ರಕ್ತದಲ್ಲಿ ಏನೂ ಇಲ್ಲವಂತೆ. ಆ ಮಗುವಿಗೆ ಕಾಯಿಲೆ ಬರಬೇಕಾದರೆ ಅಪ್ಪನಿಗೆ ಅದು ಇರಲೇಬೇಕು. ಒಂದು ಮರ್ಯಾದಸ್ಥರ ಮನೆಯಲ್ಲಿ ಎಂಥ ಗುಟ್ಟು ನಮ್ಮ ಕೈಗೆ ಸಿಕ್ಕಿಬಿಟ್ಟಿತಲ್ಲಪ್ಪ, ಇದನ್ನು ಸಾಯುವವರೆಗೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಮೇಡಂ, ಸೋನುವಿನ ಅವ್ವನಿಗೂ ಇಲ್ಲ ಎಂದರು. ಅಪ್ಪ ಅಪ್ಪನಲ್ಲದಿದ್ದರೆ ಒಂದು ಮಾತು. ಹೆತ್ತವಳೂ ಹೆತ್ತವಳಲ್ಲ ಎಂದರೆ ಏನು ಮಾಡುವುದು? ಗುಟ್ಟು ನನ್ನ ಹೊಟ್ಟೆಯಲ್ಲಿ ಹಿಡಿಸುವ ಗಾತ್ರ ಮೀರಿತು.

“ದೇಶಪಾಂಡೆಯವರ, ಈ ಮನಿ ಅಜ್ಜಿನ್ನ ನೀವು ಕಣ್ಣಾರೆ ನೋಡೀರೇನು?” ಎಂದರು ಮೇಡಂ.

ನೋಡಿದ್ದೇನೆ, ಅವಳ ಮನೆಯ ಬೆಣ್ಣೆ ತಿಂದಿದ್ದೇನೆ ಎಂದೆ.

“ಆಕಿ ಗಂಡಸು.”

ಬಾಟಲಿಗಳು ಅದಲುಬದಲಾಗಿವೆಯೇ ಎಂದು ತಿಳಿಯಲು ಮೇಡಂ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ರಕ್ತ ಗಂಡಸಿನದೋ ಹೆಂಗಸಿನದೋ ಎಂಬುದು ಅದರಲ್ಲಿ ತಿಳಿಯುತ್ತದೆ. ಆಯಿ ಗಂಡಸು, ಮನೆಯ ಸೊಸೆ ಅಂದರೆ ಸೋನುವಿನ ಅವ್ವ ಗಂಡಸು, ಲಗ್ನದ ಹುಡುಗಿ ಮಂಗಲಳೂ ಗಂಡಸು. ಅಷ್ಟೇ ಅಲ್ಲ, ಎಲ್ಲರೂ ಒಬ್ಬನೇ ಗಂಡಸು. ಇಡೀ ಮನೆಯ ಬಾಟಲಿಗಳಲ್ಲಿ ಒಬ್ಬನದೇ ರಕ್ತ ಇತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಊರಿಗೇ ಹೋಗದೆ ಚಹದಂಗಡಿಯಲ್ಲಿ ಕೂತು ತಮ್ಮ ರಕ್ತದಿಂದಲೇ ಎಲ್ಲ ಬಾಟಲಿ ತುಂಬಿಸಿಕೊಂಡು ಬರುವ ಜನ ಈ ಧಂದೆಯಲ್ಲಿ ಇದ್ದಾರೆ, ನನಗೆ ಗೊತ್ತು ಎಂದರು. ಆಮೇಲೆ ನನ್ನ ತೋಳನ್ನೇ ನೋಡುತ್ತ, ನಿಮ್ಮದಂತೂ ಅಲ್ಲವಲ್ಲ ಎಂದು ಕೇಳಿದರು. ಇಷ್ಟು ವರ್ಷ ಬಿಸಿಲಲ್ಲಿ ಮಳೆಯಲ್ಲಿ ಹಳ್ಳಿ ಅಲೆದವನಿಗೆ ಸಿಕ್ಕ ಬಹುಮಾನ ಅದು. ಸಿಟ್ಟು ಬಂತು, ಅಳುವೂ ಬಂತು. ಅದಕ್ಕಿಂತ ಹೆಚ್ಚಾಗಿ ಬಸ್ಸಿನಲ್ಲಿ ಹಂಚಿದ ಆ ಪೇಡೆ ನೆನಪಾಯಿತು. ಯಾರದೋ ರಕ್ತ ನೋಡಿ ಮಂಗಲಳಿಗೆ ಏನಿಲ್ಲ ಎಂದು ಊರಿಗೆಲ್ಲ ಸಾರಿದ್ದೆ. ಅವಳಿಗೆ ಇದ್ದರೆ? ನಾಳೆ ಇನ್ನೊಂದು ಸೋನು ಹುಟ್ಟಿ ಕೈ ಮುಂದೆ ಮಾಡಿದರೆ, ಆ ಮುಖ ನಾನು ಹೇಗೆ ನೋಡಲಿ?

ಮರುದಿನ ಬೆಳಿಗ್ಗೆ ನಂದಗಡಕ್ಕೆ ಹೋದೆ. ದಾರಿಯುದ್ದಕ್ಕೂ ಯಾರು ಯಾರಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಂಡಿದ್ದೆ. ಮೊದಲು ಸಿಕ್ಕವರು ಶಾಂತಾ ಸಿಸ್ಟರ್. ಅವರು ಅರ್ಧ ಬೈಗುಳಕ್ಕೇ ಕಣ್ಣಲ್ಲಿ ನೀರು ತಂದುಕೊಂಡು, ತಾನು ಹುಟ್ಟಿದಾಗ ಹೆರಿಗೆ ಮಾಡಿಸಿದವಳೇ ಆಯಿ, ಅವಳ ಮಾತು ಮೀರಲಿ ಹೇಗೆ ಎಂದರು. ಉಳಿದರ್ಧ ಬೈಗುಳ ಇಟ್ಟುಕೊಂಡು ಅವರನ್ನೂ ಕರೆದುಕೊಂಡು ಆಯಿಯ ಮನೆಗೆ ನಡೆದೆ. ಈ ಸಲ ಅಂಗಳದಲ್ಲಿ ಕಂಬಳಿ ಹಾಸಿದರು, ಚಹ ತಂದರು. ಚಹ ಬೇಡ ಎಂದೆ. ನಮ್ಮ ಕಡೆ ಒಬ್ಬರ ಮನೆಗೆ ಹೋಗಿ ಚಹ ಬೇಡ ಅಂದರೆ ಜಗಳಕ್ಕೆ ಬಂದಿದ್ದೇನೆ ಎಂದು ಬೇರೆ ಹೇಳಬೇಕಾಗಿಲ್ಲ. ಒಳಗಿನಿಂದ ಎಲ್ಲರೂ ಬಂದು ಬಾಗಿಲಲ್ಲಿ ನಿಂತರು.

ಈ ಬಾಟಲಿಗಳಲ್ಲಿದ್ದದ್ದು ಯಾರ ರಕ್ತ ಎಂದು ಕೇಳಿದೆ. ಯಾರೂ ಮುಚ್ಚಿಡಲಿಲ್ಲ. ಕಲ್ಲಪ್ಪ ಎದೆ ಮುಂದೆ ಮಾಡಿ, ಎಲ್ಲರದೂ ತಾನೇ ಕೊಟ್ಟಿದ್ದು ಎಂದ. ಕುಸ್ತಿ ಗೆದ್ದವನ ಮುಖ ಹಾಗಿರುತ್ತದೆ. ಆಯಿ ನನಗೆ ತಿಳಿಯದಿದ್ದರೆ ತಿಳಿಯಲಿ ಎಂದು ಸಮಾಧಾನದಿಂದ ವಿವರಿಸಿದಳು. ಹಿರಿಯವ ಗದ್ದೆ ಕೆಲಸದಲ್ಲಿ ಸೋತು ಹೋಗಿದ್ದಾನೆ. ಸೊಸೆ ಮಗುವಿನ ಚಿಂತೆಯಲ್ಲಿ ಕಡ್ಡಿಯಾಗಿದ್ದಾಳೆ. ಲಗ್ನದ ಹುಡುಗಿಯ ಮೈಯಿಂದ ರಕ್ತ ತೆಗೆಯುವುದು ಅಶುಭ. ತಾನು ಮುದುಕಿ.

“ನಮ್ಮ ಮನಿದು ಒಂದ ರಕ್ತ ಐತ್ರಿ ಸಾಹೇಬ್ರ. ಜಾಸ್ತಿ ಇದ್ದಾವ ಕೊಟ್ಟ. ಅದರಾಗ ಏನ ತಪ್ಪಾತು?”

ನಮ್ಮ ಸೀಮೆಯಲ್ಲಿ ಮನೆಗೊಬ್ಬರು ಹೋದರೆ ಮನೆಯವರೆಲ್ಲ ಹೋದ ಹಾಗೆ. ಊರ ರಸ್ತೆಗೆ ಮಣ್ಣು ಹಾಕಲು ಮನೆಗೊಬ್ಬರು, ಸೀಮೆಎಣ್ಣೆಯ ಪಾಳಿಗೆ ಮನೆಗೊಬ್ಬರು, ಸತ್ತವರ ಮಣ್ಣಿಗೆ ಮನೆಗೊಬ್ಬರು. ಎಷ್ಟೋ ಲಗ್ನಗಳಲ್ಲಿ ನಾನೇ ನಮ್ಮ ಮನೆತನದ ಪರವಾಗಿ ಹೋಗಿ ನಾಲ್ಕು ಜನರ ಊಟ ಉಂಡು ಬಂದಿದ್ದೇನೆ. ಅದರಲ್ಲೂ ಅಶಕ್ತರ ಪಾಲಿನದನ್ನು ಗಟ್ಟಿಮುಟ್ಟಾದವನು ತನ್ನ ಮೈಮೇಲೆ ಹಾಕಿಕೊಂಡರೆ ಅವನನ್ನು ಹೊಗಳುತ್ತಾರೆಯೇ ಹೊರತು ಯಾರೂ ಬೈಯುವುದಿಲ್ಲ. ಕಲ್ಲಪ್ಪನಿಗೆ ಅಂದು ಸಂಜೆ ಬಾದಾಮಿ ಹಾಲು ಕೊಟ್ಟಿದ್ದರಂತೆ.

ನಾನು ತಾಳ್ಮೆ ತಂದುಕೊಂಡು, ಒಂದೇ ತಾಯಿಯ ಮಕ್ಕಳಿಗೂ ರಕ್ತದಲ್ಲಿ ಬರುವುದು ಬೇರೆ ಬೇರೆ ಎಂದು ಹೇಳಿದೆ. ಹಿರಿಯಣ್ಣನಿಗೆ ಇದ್ದದ್ದು ಕಲ್ಲಪ್ಪನಿಗೆ ಇಲ್ಲದೆ ಇರಬಹುದು, ಕಲ್ಲಪ್ಪನಿಗೆ ಇಲ್ಲದ್ದು ಮಂಗಲಳಿಗೆ ಇರಬಹುದು ಎಂದೆ. ತಿಳಿಯಲಿ ಎಂದು ಎದುರಿಗಿದ್ದ ಎಮ್ಮೆಯನ್ನೇ ತೋರಿಸಿ, ಇದರ ಒಂದು ಕರುವಿಗೆ ಹಣೆಯ ಮೇಲೆ ಬಿಳಿ ಚುಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ, ನೋಡಿ ಎಂದೆ. ಅದು ದನ, ನಾವು ಮನುಷ್ಯರು ಎಂದಳು ಆಯಿ. ಅಲ್ಲಿಗೆ ವಿಜ್ಞಾನ ಮುಗಿಯಿತು. ಅಷ್ಟಕ್ಕೇ ಬಿಡಲಿಲ್ಲ ಅವಳು. ಮಂಗಲಳ ರಕ್ತ ಬೇರೆ ಅಂದರೆ ಏನರ್ಥ, ನಮ್ಮ ಮಗಳು ನಮ್ಮ ಮನೆಯವಳಲ್ಲವೇ ಎಂದು ಎದ್ದು ನಿಂತಳು. ಸೊಸೆಯೂ ದನಿಗೂಡಿಸಿದಳು. ಹಿರಿಯ ಮೊಮ್ಮಗ ಮರಾಠಿಯಲ್ಲಿ ಏನೋ ಗೊಣಗಿದ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ; ಅವನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ನಾನು ವಂಶವಾಹಿಯ ನಿಯಮ ಹೇಳಲು ಹೋಗಿ ಒಂದು ಮನೆತನದ ಶೀಲವನ್ನೇ ಶಂಕಿಸಿದವನಾಗಿ ನಿಂತಿದ್ದೆ. ಕಲ್ಲಪ್ಪ ಅಂಗಿಯ ತೋಳು ಮೇಲೇರಿಸತೊಡಗಿದ. ಈ ಸಲ ರಕ್ತ ಕೊಡಲು ಅಲ್ಲ ಎಂದು ನನಗೆ ಅನಿಸಿತು.

ಆಗ ಮಂಗಲ ಬಾಗಿಲಿನಿಂದ ಇಳಿದು ಬಂದಳು. ಮೊದಲ ಸಲ ಬಂದಾಗ ನಾನು ಅವಳ ದನಿಯನ್ನೇ ಕೇಳಿರಲಿಲ್ಲ. ಸೀದಾ ಬಂದು ನನ್ನ ಎದುರಿನ ಕಂಬಳಿಯ ಮೇಲೆ ಕೂತು, ಆಯಿಯ ಕಡೆ ತಿರುಗಿದಳು.

“ಮಾವನ ಮಗನ್ನ ಲಗ್ನ ಆಗಾಕಿ ನಾನೋ, ಕಲ್ಲಣ್ಣನೋ?”

ಕಲ್ಲಪ್ಪ ಏರಿಸಿದ ತೋಳನ್ನು ಇಳಿಸಿಕೊಂಡ. ಮಂಗಲ ಕೈ ಮುಂದೆ ಚಾಚಿದವಳು ಸ್ವಲ್ಪ ತಡೆದು, ಇದೆ ಅಂತ ಬಂದರೆ ನನ್ನ ಲಗ್ನ ನಿಂತ ಹಾಗೆಯೇ ಎಂದು ನನ್ನನ್ನು ಕೇಳಿದಳು. ನಿನಗೇನೂ ಆಗುವುದಿಲ್ಲವ್ವ, ಆದರೆ ಇಬ್ಬರಿಗೂ ಇದ್ದರೆ ಕೂಸಿಗೆ ಬರಬಹುದು ಎಂದಷ್ಟೇ ಹೇಳಿದೆ. ಅವಳು ಸೊಸೆಯ ಕಂಕುಳಲ್ಲಿದ್ದ ಸೋನುವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮುಖ ಆಚೆ ತಿರುಗಿಸಿ, ತಗೋರಿ ಎಂದಳು. ಶಾಂತಾ ಸಿಸ್ಟರ್ ಸೂಜಿ ಚುಚ್ಚಿದರು. ಮಂಗಲಳ ರಕ್ತ ಮಂಗಲಳ ಹೆಸರಿನ ಬಾಟಲಿಗೆ ಬಿದ್ದಿತು. ಅವಳು ಕೊಟ್ಟ ಮೇಲೆ ಸೊಸೆ ಬಂದಳು, ಹಿರಿಯವ ಬಂದ, ಕೊನೆಗೆ ಮೂಗು ಮುರಿಯುತ್ತ ಆಯಿಯೂ ಬಂದು ಕೂತಳು. ಕಲ್ಲಪ್ಪನ ಬಾಟಲಿ ಮೊದಲೇ ಇತ್ತು. ಯಾರೂ ತನ್ನನ್ನು ಕರೆಯದಿದ್ದುದಕ್ಕೆ ಅವನಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು.

ಆ ದಿನಗಳಲ್ಲಿ ನಾನು ಪರಶುರಾಮನ ಬಸ್ಸು ಬಂದರೆ ಸ್ಟ್ಯಾಂಡಿನ ಕಂಬದ ಹಿಂದೆ ನಿಲ್ಲುತ್ತಿದ್ದೆ. ಎಲ್ಲವನ್ನೂ ಅವನಿಗೆ ಒಮ್ಮೆ ಹೇಳಿಬಿಟ್ಟಿದ್ದೆ, ಕೇಳಿದವನು ಟಿಕೆಟ್ಟು ಹರಿದು ಕೈಗಿಟ್ಟು ಮುಂದೆ ಹೋಗಿದ್ದ. ಅವನು ಕೂಗಿ ಕೇಳುತ್ತಿದ್ದುದಕ್ಕಿಂತ ಅದೇ ನನ್ನನ್ನು ಹೆಚ್ಚು ತಿಂದಿತು. ಮೇಡಂ ಈ ಸಲ ಎರಡೆರಡು ಬಾರಿ ಪರೀಕ್ಷೆ ಮಾಡಿದರು. ಸೋನುವಿನ ಅಪ್ಪನಿಗೆ ಇತ್ತು, ಅವ್ವನಿಗೆ ಇತ್ತು. ಆಯಿ ಹೆಂಗಸೇ ಆಗಿದ್ದಳು. ಮಂಗಲಳಿಗೆ ಇರಲಿಲ್ಲ.

ನಾನೇ ಹೋಗಿ ಹೇಳಿದೆ. ಈ ಸಲ ಪೇಡೆ ನಾನೇ ಒಯ್ದಿದ್ದೆ. ಮಂಗಲ ಕೇಳಿದವಳೇ ಒಳಗೆ ಹೋದಳು; ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. ಎಲ್ಲರೂ ನಕ್ಕರು, ಕಲ್ಲಪ್ಪ ನನ್ನ ಬೆನ್ನು ತಟ್ಟಿದ, ಬೆನ್ನು ಇವತ್ತಿಗೂ ನೋಯುತ್ತದೆ. ಆಯಿ ಮಾತ್ರ ಎಲೆಯಡಿಕೆ ಮೆಲ್ಲುತ್ತ ನನ್ನನ್ನೇ ನೋಡುತ್ತಿದ್ದಳು. ಕಲ್ಲ್ಯಾನ ರಕ್ತದಾಗ ಏನ ಬಂದಿತ್ತು ಎಂದು ಕೇಳಿದಳು. ಏನೂ ಇರಲಿಲ್ಲ ಎಂದೆ. ಮಂಗಲಳದರಲ್ಲಿ? ಏನೂ ಇಲ್ಲ ಎಂದೆ.

“ಮತ್ತ ನಾ ಏನ ಹೇಳಿದ್ದೆ? ಒಂದ ರಕ್ತ.”

ದೇವರೇ. ಇಷ್ಟೆಲ್ಲ ಬಡಿದಾಡಿದ್ದು ಏತಕ್ಕೆ? ಒಬ್ಬ ಅಣ್ಣನಿಗೆ ಇದೆ ಇನ್ನೊಬ್ಬನಿಗೆ ಇಲ್ಲ, ಇದೊಂದು ಅದೃಷ್ಟ ಆಯಿ, ಹೀಗೆ ಲೆಕ್ಕ ಹಾಕುವಂತಿಲ್ಲ, ಪ್ರತಿಯೊಬ್ಬರದನ್ನೂ ಬೇರೆ ಬೇರೆ ನೋಡಲೇಬೇಕು ಎಂದು ತಲೆ ತಲೆ ಬಡಿದುಕೊಂಡೆ. ಅವಳು ಸಾವಕಾಶ ಎಲ್ಲವನ್ನೂ ಕೇಳಿಸಿಕೊಂಡು ಮಾತು ಬದಲಿಸಿದಳು. ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಎದುರಿಗೆ ಕೂತವನ ಬೀಗತನ ತಿಳಿಯದೆ ಎಲೆಯಡಿಕೆ ಇಳಿಯುವುದಿಲ್ಲ. ನಿಮ್ಮ ಮನೆಯಾಕೆ ಯಾರ ಪೈಕಿ ಎಂದಳು. ನನ್ನ ಸೋದರಮಾವನ ಮಗಳೇ ಎಂದೆ. ಮಕ್ಕಳೆಷ್ಟು ಎಂದಳು. ಒಬ್ಬಳೇ ಮಗಳು, ಡಿಗ್ರಿ ಓದುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ, ನನ್ನ ಹೆಂಡತಿಯ ಅಣ್ಣನ ಮಗನಿಗೇ ಕೊಡುವ ಮಾತು ನಡೆದಿದೆ ಎಂದೆ. ಆಯಿ ಸಂತೋಷಪಟ್ಟಳು. ಹೊರಗಿನವರಿಗೆ ಕೊಡದೆ ಬಳಗದೊಳಗೇ ಕೊಡುವುದು ಚಲೋ ಎಂದಳು.

“ಹಂಗಾರ ನಿಮ್ಮದೂ ರಕ್ತ ನೋಡಸೀರೇಳ್ರಿ, ನಿಮ್ಮ ಲ್ಯಾಬಿನ್ಯಾಗ?”

“ನಮ್ಮಣ್ಣ ಕೊಟ್ಟಾನ ಆಯಿ,” ಎಂದೆ. “ಅವಗ ಏನೂ ಇಲ್ಲ. ಮತ್ತ ನಂದ್ಯಾಕ ಬ್ಯಾರೆ…”

ಖರೇ ಹೇಳುತ್ತೇನೆ, ಅಲ್ಲಿಯವರೆಗೆ ಅದು ನನಗೆ ಹೊಳೆದೇ ಇರಲಿಲ್ಲ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕು ಎಂದು ಮೇಡಂ ಕೇಳಿದ್ದಾಗ ನಮ್ಮಣ್ಣನನ್ನು ಕಳಿಸಿಕೊಟ್ಟಿದ್ದೆ. ಅವನದು ಸರಿಯಾಗಿದೆ ಎಂದು ಬಂದಾಗ ನನ್ನದೂ ಆಯಿತು ಎಂದು ನೆಮ್ಮದಿಯಾಗಿ ಉಂಡು ಮಲಗಿದ್ದೆ. ತಾಲ್ಲೂಕಿನ ಅರ್ಧ ಜನರಿಗೆ ಬಿಡಿಸಿ ಬಿಡಿಸಿ ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಯಿ ಇನ್ನೊಂದು ಎಲೆಗೆ ಸುಣ್ಣ ಹಚ್ಚಿದಳು, ಮಂಗಲ ಸೆರಗು ಬಾಯಿಗೆ ಒತ್ತಿಕೊಂಡಳು. ಶಾಂತಾ ಸಿಸ್ಟರ್ ಮಾತ್ರ ಯಾರೂ ಹೇಳದೆಯೇ ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದು ನನ್ನ ಹೆಸರು ಬರೆಯತೊಡಗಿದರು. ಎಲ್ಲರ ತೋಳಿಗೂ ಸೂಜಿ ಚುಚ್ಚಿಸಿದವನು ನಾನು, ನನ್ನ ತೋಳಿಗೆ ಚುಚ್ಚುವಾಗ ಸೋನುವಿನ ಎದುರಿಗೇ ಅಯ್ಯೋ ಎಂದೆ.

ಅದಾದ ಮೇಲೆ ಹೆಂಡತಿಯನ್ನೂ ಒಪ್ಪಿಸಿ ಅವಳದನ್ನೂ ಕೊಡಿಸಿದೆ. ಒಪ್ಪಿಸುವುದರೊಳಗೆ ನನಗೆ ಸಾಕುಬೇಕಾಯಿತು. ನಂದಗಡವೇ ಎಷ್ಟೋ ವಾಸಿ. ಮಗಳ ಜಾತಕ ನೋಡಿಸಲು ಹೆಂಡತಿಯ ಅಣ್ಣ ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾನೆ, ಏನೋ ಒಂದು ನೆವ ಹೇಳಿ ಮುಂದೂಡುತ್ತಿದ್ದೇನೆ. ನಮ್ಮಿಬ್ಬರಲ್ಲೂ ಇಲ್ಲದಿದ್ದರೆ ಮಗಳಲ್ಲೂ ಇರುವುದಿಲ್ಲ, ಆದರೆ ನಮ್ಮ ವರದಿ ಇನ್ನೂ ಬಂದಿಲ್ಲ. ಕರೆಂಟು ಇದ್ದರೆ ಪರೀಕ್ಷೆಗೆ ಹಾಕುವ ಔಷಧ ಇರುವುದಿಲ್ಲ, ಔಷಧ ಬಂದರೆ ಯಂತ್ರ ಕೆಡುತ್ತದೆ. ಕೆಲಸವಿಲ್ಲದಿದ್ದರೂ ದಿನಕ್ಕೆ ನಾಲ್ಕು ಸಲ ಮೇಡಂ ಬಾಗಿಲ ಮುಂದೆ ಹಾಯುತ್ತೇನೆ, ಕೆಮ್ಮುತ್ತೇನೆ, ಗಡಿಯಾರ ನೋಡುತ್ತೇನೆ. ಅವರು ತಲೆ ಎತ್ತುವುದೂ ಇಲ್ಲ. ‘ಬಂದಾಗ ಹೇಳ್ತೀನಿ, ಹೋಗ್ರಿ’ ಎನ್ನುತ್ತಾರೆ. ನಾನು ಇಷ್ಟು ವರ್ಷ ಪರಶುರಾಮನಿಗೂ, ಅವನಂಥ ಎಷ್ಟೋ ಜನರಿಗೂ ಹೇಳುತ್ತ ಬಂದದ್ದು ಇದೇ ಮಾತು. ಅವರಲ್ಲಿ ಒಬ್ಬನೂ ನನ್ನ ಕಪಾಳಕ್ಕೆ ಬಾರಿಸಲಿಲ್ಲವಲ್ಲ, ಎಂಥ ಸೌಜನ್ಯದ ಜನ.